ನಾನು ತಿಂದ ಕಿಟಕಿ

ಮ್ಹೈಸಾಳದ ಎಸ್‌ಟಿ ನಿಲ್ದಾಣಕ್ಕೆ ನೇರ ಎದುರು ನಮ್ಮ ಮನೆ. ಎರಡು ಕೋಣೆ, ಒಂದೇ ಬಾಗಿಲು, ಬಾಗಿಲಿಗೆ ಅಂಟಿಕೊಂಡಂತೆ ಒಂದು ದೊಡ್ಡ ಕಿಟಕಿ. ಮಿರಜಿನ ಬಸ್ಸು ವೇಳೆಗೆ ಬಂದದ್ದನ್ನು ಕಂಡವರಿಲ್ಲ. ಹೀಗಾಗಿ ಕಾಯುವ ಮಂದಿಗೆಲ್ಲ ನಮ್ಮ ಕಿಟಕಿಯೇ ಪುಕ್ಕಟೆ ಸಿನಿಮಾ!

ಒಂದು ದಿನ ನಾವು ಊಟಕ್ಕೆ ಕೂತಿದ್ದೆವು. ದಿನಾ ಮಿರಜಿನ ಮಾರ್ಕೆಟ್ಟಿಗೆ ಹೋಗುವ ಬಾಳೂ ಕಾಕಾ ನಿಂತಲ್ಲಿಂದಲೇ ಕೂಗಿದರು: "ಶಾಂತವ್ವ, ನಿನ್ನ ಗಂಡ ಮತ್ತ ಮತ್ತ ಉಪ್ಪ ಹಾಕ್ಕೋಳಾಕತ್ತಾನ. ಪಲ್ಯಾಕ ಉಪ್ಪ ಕಡಿಮಿ ಆತೇನವಾ?"

ಶಾಂತಾ ತಾಟು ಎತ್ತಿಕೊಂಡು ಒಳಗೆ ಹೋದಳು. ಅಂದಿನಿಂದ ಅವಳ ಊಟ ಒಲೆಯ ಪಕ್ಕದ ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿ. ಅದನ್ನು ನೋಡಿ ನನಗೆ ನಿಜಕ್ಕೂ ಕೆಡುಕೆನಿಸಿತು. ಸ್ವಂತ ಮನೆಯ ನಡುವೆ ಕೂತು ನೆಮ್ಮದಿಯಿಂದ ಉಣ್ಣುವುದು ಅಷ್ಟು ದೊಡ್ಡ ಆಸೆಯೇ? ಹಳೆಯ ಸೀರೆಯಲ್ಲಿ ಅವಳೇ ಪರದೆ ಹೊಲಿದಳು. ಇನ್ನು ಬೇಕಾದದ್ದು ಒಂದು ರಾಡು ಮಾತ್ರ. ಅದನ್ನು ತರುವ ಹೊಣೆಯನ್ನು ನಾನು ಎದೆಯುಬ್ಬಿಸಿ ಹೊತ್ತುಕೊಂಡೆ.

"ಬಾಜೂ ಮನ್ಯಾಗಿಂದ ಟೇಪ ಇಸ್ಕೊಂಡ ಬರ್ರಿ, ಅಳತಿ ತಗೋರಿ," ಎಂದಳು.

ನಾನು ಸಹಕಾರಿ ಸಕ್ಕರೆ ಕಾರ್ಖಾನೆಯ ಕಾಟಾದಲ್ಲಿ, ಅಂದರೆ ಕಬ್ಬು ತೂಗುವ ಕಟ್ಟೆಯಲ್ಲಿ ಕ್ಲಾರ್ಕ್. "ಊರ ಕಬ್ಬೆಲ್ಲಾ ತೂಗಾವಗ ಟೇಪ ಯಾಕ ಬೇಕು?" ಎಂದೆ. ನಮ್ಮ ಕಾರ್ಖಾನೆಗೆ ಹೊರಟಿದ್ದ ಗಾಡಿಯನ್ನು ನಿಲ್ಲಿಸಿ ಒಂದು ಕಬ್ಬು ಕೇಳಿ ಪಡೆದೆ. ಕಿಟಕಿಯ ಅಗಲಕ್ಕೆ ಹಿಡಿದು ಎರಡೂ ತುದಿ ಕತ್ತರಿಸಿದೆ. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ!

ಆ ಕಬ್ಬು ಹಿಡಿದು ರಾಡು ತರಲು ಮಿರಜಿನ ಬಸ್ಸು ಹತ್ತಿದೆ. ಪಕ್ಕಕ್ಕೆ ಬಂದು ಕೂತವರು ಅದೇ ಬಾಳೂ ಕಾಕಾ. ಅವರು ಇನ್ನೊಂದು ಸಹಕಾರಿ ಕಾರ್ಖಾನೆಗೆ ಕಬ್ಬು ಹಾಕುವ ಸಭಾಸದರು. ಅವರ ಕಣ್ಣು ನನ್ನ ಕಬ್ಬಿನ ಮೇಲೆ ಬಿತ್ತು.

"ಕಾಟಾ ಸಾಹೇಬ್ರ, ಇದು ನಿಮ್ಮ ಕಾರ್ಖಾನಿ ಕಬ್ಬೇನ್ರಿ? ಬರೇ ನೀರ ಇರ್ತೈತಿ ಬಿಡ್ರಿ!"

ನನ್ನನ್ನು ಏನಾದರೂ ಅನ್ನಲಿ, ನಮ್ಮ ಕಾರ್ಖಾನೆಯ ಕಬ್ಬನ್ನು ಅಂದರೆ ಹೇಗೆ ಸುಮ್ಮನಿರಲಿ? ಬುಡದ ಒಂದು ಗಣಿಕೆ ಮುರಿದು ಅವರ ಕೈಗಿಟ್ಟೆ.

ಅಗಿದರು. "ಬುಡ ಯಾವಾಗ್ಲೂ ಸಿಹೀನ ಇರ್ತೈತ್ರಿ. ತುದಿ ತೋರಸ್ರಿ."

ತುದಿಯನ್ನೂ ಮುರಿದೆ. ತುದಿ ಸಪ್ಪೆ ಎಂದರು. ಸಪ್ಪೆಯೋ ಅಲ್ಲವೋ ಎಂದು ನಾನೂ ತಿಂದು ನೋಡಲೇಬೇಕಾಯಿತು. ನ್ಯಾಯ ಒಂದೇ ಗಣಿಕೆಗೆ ಮುಗಿಯಲಿಲ್ಲ. ಹಿಂದಿನ ಸೀಟಿನವರೂ ಸಾಕ್ಷಿಗೆ ಬಂದರು. ಮಿರಜಿನಲ್ಲಿ ಇಳಿಯುವಾಗ ನಮ್ಮ ಕಬ್ಬೇ ಸಿಹಿ ಎಂದು ಕಾಕಾ ಒಪ್ಪಿಕೊಂಡರು. ನಾನು ಗೆದ್ದಿದ್ದೆ!

ಗೆದ್ದ ಖುಷಿಯಲ್ಲಿ ಕಾಕಾರನ್ನೂ ಕರೆದುಕೊಂಡು ಅಂಗಡಿಗೆ ಹೋದೆ. "ಯಾ ಸಾಹೇಬ, ಬಸಾ ಬಸಾ," ಎಂದು ಅಂಗಡಿಯವರು ಮರಾಠಿಯಲ್ಲಿ ಕರೆದು ಕೂರಿಸಿದರು. ಎಷ್ಟು ತರಹದ ರಾಡುಗಳು! ಕಟ್ಟಿಗೆಯದು, ಅಲ್ಯುಮಿನಿಯಮ್ಮಿನದು, ಎಳೆದರೆ ಹಿಗ್ಗುವ ಸ್ಪ್ರಿಂಗಿನದು. ಇದರ ಬಳೆ ಹೇಗೆ ಓಡುತ್ತದೆ, ಅದಕ್ಕೆ ಮೊಳೆ ಎಲ್ಲಿ ಬೀಳುತ್ತದೆ ಎಂದು ಒಂದೊಂದನ್ನೂ ಕೇಳಿ, ಎಳೆದು, ತಿರುಗಿಸಿ ನೋಡಿದೆ. ಕಡೆಗೆ ಎರಡೂ ತುದಿಗೆ ಗುಂಡು ಇದ್ದ ಹಿತ್ತಾಳೆ ರಾಡಿಗೆ ಮನಸೋತೆ.

"ಎಷ್ಟ ಉದ್ದ ಬೇಕ್ರಿ?"

ಗತ್ತಿನಿಂದ ಕಬ್ಬನ್ನು ಮುಂದೆ ಹಿಡಿದೆ. ಉಳಿದದ್ದು ಒಂದು ಗೇಣು!

"ಸಾಹೇಬ್ರ, ಇದು ಖಿಡಕಿಗೋ ಇಲಿ ಬೋನಿಗೋ?"

ನನ್ನ ಕಿಟಕಿ ಅರ್ಧ ನನ್ನ ಹೊಟ್ಟೆಯಲ್ಲಿ, ಅರ್ಧ ಕಾಕಾರ ಹೊಟ್ಟೆಯಲ್ಲಿ ಇತ್ತು.

"ಚಿಂತಿ ಮಾಡಬ್ಯಾಡ್ರಿ," ಎಂದರು ಕಾಕಾ. "ಆ ಖಿಡಕಿ ನನಗ ಬಾಯಿಪಾಠ ಐತಿ." ಎರಡೂ ಕೈ ಅಗಲಿಸಿ ತೋರಿಸಿದರು. ಅಂಗಡಿಗೆ ಬಂದಿದ್ದ ಗಿರಾಕಿಗಳೂ ಚರ್ಚೆಗೆ ಇಳಿದರು. ನಮ್ಮ ಕಡೆ ನಾಲ್ಕು ಜನ ಸೇರಿದರೆ ಸಭೆ, ಸಭೆ ಎಂದಮೇಲೆ ಠರಾವು. "ಕಮ್ಮಿ ಆದರೆ ಹಿಗ್ಗುವುದಿಲ್ಲ, ಆದಕಾರಣ ಉದ್ದದ್ದನ್ನೇ ಕೊಳ್ಳತಕ್ಕದ್ದು" ಎಂದು ಸರ್ವಾನುಮತದಿಂದ ಪಾಸಾಯಿತು. ಯಾರ ಕಣ್ಣಿಗೆ ಅಡ್ಡ ಹಾಕಲು ಪರದೆಯೋ, ಅವರ ಅಳತೆಯಲ್ಲೇ ರಾಡು ಕೊಂಡೆ!

ಮರುದಿನ ರಜೆ. ಹೊರಗಿನವರು ನೋಡಬಾರದೆಂದು ಬಾಗಿಲು ಮುಚ್ಚಿಕೊಂಡು ಕಿಟಕಿಯ ಚೌಕಟ್ಟಿಗೇ ರಾಡನ್ನು ಸ್ಕ್ರೂ ಹಾಕಿ ಬಿಗಿದೆ. ಒಂದು ತುದಿ ಮುಚ್ಚಿದ ಬಾಗಿಲಿನ ಮುಂದೆಯೂ ಸ್ವಲ್ಪ ಚಾಚಿತ್ತು. ಚೆಂದವೇ ಕಂಡಿತು. ಪರದೆ ಎಳೆದೆವು. ಶಾಂತಾ ತಾಟು ಹಿಡಿದು ನಡುಮನೆಗೆ ಬಂದು ಕೂತಳು. ಒಂದು ತುತ್ತು ಉಂಡು, "ಎಷ್ಟ ಆರಾಮ ಅನಸ್ತೈತ್ರಿ!" ಎಂದಳು. ಆ ಮಾತಿಗೆ ನನ್ನ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. "ಸಾಹೇಬ್ರ, ಹಾಡಾಹಗಲ ಖಿಡಕಿ ಮುಚ್ಚೀರಲ್ಲ? ಶಾಂತವ್ವಗ ಆರಾಮಿಲ್ಲೇನ್ರಿ?" ಬಾಳೂ ಕಾಕಾ!

ಬಾಗಿಲು ಒಳಗೆ ಎಳೆದೆ. ನಾಲ್ಕು ಬೆರಳು ಬಂದು ಟಣ್ ಎಂದು ನಿಂತಿತು. ಹಿತ್ತಾಳೆ ಗುಂಡು ಅಡ್ಡ! ಮತ್ತೆ ಎಳೆದೆ. ಟಣ್!

"ಬಾಗಲಾ ತಗ್ಯಾಕ ಬರವಲ್ದು! ಒಳಗ ಏನೋ ಆಗೇತ್ರೋ, ಬರ್ರೋ ಎಲ್ಲಾರೂ!" ಎಂದು ಕಾಕಾ ಕೂಗಿಯೇಬಿಟ್ಟರು. ನಿಲ್ದಾಣವೆಲ್ಲ ಓಡಿ ಬಂತು. ಯಾರೋ ಬಾಗಿಲು ಒಡೆಯಲು ಹಾರೆ ಕೇಳುತ್ತಿದ್ದರು. ಇನ್ನು ಉಳಿದದ್ದು ಒಂದೇ ದಾರಿ. ನನ್ನ ಕೈಯಾರೆ ಪರದೆಯನ್ನು ಈ ತುದಿಯಿಂದ ಆ ತುದಿಯವರೆಗೆ ಸರಿಸಿದೆ!

ಕಿಟಕಿಯ ಸರಳುಗಳಿಗೆ ಮುಖಗಳ ಸಾಲು. ನಡುಮನೆಯಲ್ಲಿ ಶಾಂತಾ, ಕೈಯಲ್ಲಿ ತುತ್ತು.

ಕಾಕಾ ನೆಮ್ಮದಿಯ ಉಸಿರು ಬಿಟ್ಟರು. "ಏನೂ ಆಗಿಲ್ರಪಾ. ಉಣ್ಣಾಕತ್ತಾರ. ಇವತ್ತ ಬದನಿಕಾಯಿ."

ನಾನು ರಾಡು ಬಿಚ್ಚುವ ತನಕ ಯಾರೂ ಕದಲಲಿಲ್ಲ. ಬಸ್ಸು ಬಂತು, ಹಾರ್ನ್ ಹೊಡೆಯಿತು, ಖಾಲಿ ಹೋಯಿತು.

ಶಾಂತಾ ತಾಟು ಎತ್ತಿಕೊಂಡು ಮತ್ತೆ ಒಲೆಯ ಮೂಲೆಗೆ ಹೋದಳು. ಬೈದಿದ್ದರೇ ಚೆನ್ನಾಗಿತ್ತು.

ಇಂದು ಬೆಳಿಗ್ಗೆ ರಾಡನ್ನು ಬದಲಿಸಿಕೊಂಡು ಬರಲು ಹೊರಟೆ. ಕಿಟಕಿಯ ಅಗಲಕ್ಕೆ ಸರಿಯಾಗಿ ಅವಳೇ ಕತ್ತರಿಸಿದ ಬೇವಿನ ಕೋಲನ್ನು ಕೈಗಿಟ್ಟಳು. "ಈಗ ತಿನ್ರಿ ನೋಡೂಣು!"

ಬಸ್ಸಿನಲ್ಲಿ ಪಕ್ಕದ ಸೀಟಿಗೆ ಬಾಳೂ ಕಾಕಾ ಬಂದು ಕೂತರು. ಕೋಲನ್ನು ನೋಡಿದರು. "ಹಲ್ಲ ತಿಕ್ಕೂದ ಮರತ ಬಂದೇನ್ರಿ. ಒಂದೀಟ ತುದಿ ಮುರದ ಕೊಡ್ತೀರೇನು?"

ಹಿರಿಯರು, ಬಾಯಿಬಿಟ್ಟು ಕೇಳಿದ್ದಾರೆ. ಕೊಟ್ಟೆ!