ಕ್ಯಾಲೆಂಡರ್ ನಂಬಿ ಗುಡ್ಡ ಹತ್ತಿದ್ದು

ಮದರಾಸಿನಿಂದ ಬೇರೆಯಾಗಿ ಆಂಧ್ರ ರಾಜ್ಯವಾದ ಹೊಸತು. ವಿಶಾಖಪಟ್ಟಣದ ಬಂದರಿನಲ್ಲಿ ಗುಮಾಸ್ತರಾಗಿದ್ದ ನಮ್ಮ ಅಕ್ಕನ ಗಂಡ ರಜೆಗೆ ನಮ್ಮೂರು ಆದವಾನಿಗೆ ಬಂದಿದ್ದರು. ಬಂದ ದಿನದಿಂದ ಒಂದೇ ಪಾರಾಯಣ.

"ನಮ್ಮಲ್ಲಿ ಒಂದು ಕಡಿ ಸಮುದ್ರ, ಒಂದು ಕಡಿ ಗುಡ್ಡ. ಗುಡ್ಡದ ಕಾಲುದಾರ್ಯಾಗ ನಡಕೊಂಡು ಹೊಂಟ್ರ, ಚಾಲಾ ಬಾಗುಂಟುಂದಿ, ಭಾಳ ಚಂದ ಇರ್ತೈತಿ ರಾಘಣ್ಣಾ! ನಿಮ್ಮ ಆದವಾನ್ಯಾಗ ಏನೈತಿ? ಬರೇ ಬಂಡಿಗಲ್ಲು, ಬಿಸಲು."

ನನ್ನ ರಕ್ತ ಕುದಿಯಿತು. ನಮ್ಮ ಗುಡ್ಡದ ಮೇಲೆ ಕೋಟೆ ಇದೆ! ಅದಕ್ಕಾಗಿ ರಾಜರು, ಸುಲ್ತಾನರು ಹೊಡೆದಾಡಿ ಸತ್ತಿದ್ದಾರೆ! ಇವರ ಗುಡ್ಡಕ್ಕಾಗಿ ಯಾರು ಸತ್ತಿದ್ದಾರೆ?

ಗೋಡೆ ನೋಡಿದೆ. ಹತ್ತಿ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನಲ್ಲಿ ಆ ದಿನ ಏಕಾದಶಿ.

"ಈಗ ನಡೀರಿ, ಭಾವಾ! ಇವತ್ತು ಏಕಾದಶಿ. ಹನಿ ನೀರು ಮುಟ್ಟದೇ ನಮ್ಮ ಗುಡ್ಡ ಹತ್ತಿ ಇಳದು ತೋರಸ್ತೀನಿ!"

ನಾವು ಮಠದ ಪಂಚಾಂಗ ನೋಡಿ ಉಪವಾಸ ಮಾಡುವ ಮನೆತನದವರು, ನಿಜ. ಆದರೆ ಪಂಚಾಂಗ ದೇವರ ಮನೆಯಲ್ಲಿರುತ್ತದೆ, ಮಡಿಯಿಲ್ಲದೆ ಮುಟ್ಟುವಂತಿಲ್ಲ. ಅಷ್ಟು ಬೆಳಿಗ್ಗೆ ಸ್ನಾನ ಯಾರು ಮಾಡಬೇಕು?

ಹೊರಡುವಾಗ ಹಿತ್ತಲಿನಿಂದ ನನ್ನ ಹೆಂಡತಿ ಸುಶೀಲೆ ಕೂಗಿದಳು. "ರೀ, ಹೋಳಿಗಿ ಮಾಡ್ತೀನಿ, ಮಧ್ಯಾಹ್ನ ಲಗೂ ಬರ್ರಿ!"

ಏಕಾದಶಿ ದಿನ ಹೋಳಿಗೆ! ಭಾವನಿಗಾಗಿಯೇ ಇರಬೇಕು ಎಂದು ಹಲ್ಲು ಕಡಿಯುತ್ತಾ ಹೊರಬಿದ್ದೆ.

ಎಲ್ಲರೂ ಹತ್ತುವ ದಾರಿ ಬಿಟ್ಟು ನನಗೆ ಗೊತ್ತಿದ್ದ ಅಡ್ಡದಾರಿ ಹಿಡಿದೆ. ಅಲ್ಲಿ ಕೊನೆಯ ಸಲ ಹತ್ತಿದ್ದು ಹೈಸ್ಕೂಲಿನಲ್ಲಿದ್ದಾಗ. ಬಂಡೆಗಳು ಇದ್ದಷ್ಟೇ ಇದ್ದವು, ನಾನು ಬೆಳೆದಿದ್ದೆ. ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡೆ! ಭಾವ ಕೈ ಹಿಡಿದು ಎಳೆದರು. ನಾನು ಬಂದೆ, ಅರ್ಧ ಧೋತರ ಅಲ್ಲೇ ಉಳಿಯಿತು.

ಮೇಲೆ ಮುಟ್ಟಿದಾಗ ಉರಿಯುವ ಮಧ್ಯಾಹ್ನ.

"ಅಲ್ನೋಡ್ರಿ ಭಾವಾ, ತುಂಗಭದ್ರಾ! ಹೆಂಗ ಹೊಳೀತೈತಿ!"

"ಅದು ಹತ್ತಿ ಮಿಲ್ಲಿನ ತಗಡು," ಎಂದು ಭಾವ ದಾರಿಯಲ್ಲಿ ಕಟ್ಟಿಸಿಕೊಂಡಿದ್ದ ಮಿರ್ಚಿ ಭಜಿಯ ಪೊಟ್ಟಣ ಬಿಚ್ಚಿದರು. ಸಮುದ್ರದ ಗಾಳಿಗೆ ಅವರ ಏಕಾದಶಿ ಎಂದೋ ಹಾರಿಹೋಗಿದೆ.

ಕುರಿ ಕಾಯುವ ಮುದುಕನೊಬ್ಬ ನನ್ನನ್ನು ನೋಡಿ ಮರುಗಿದ. "ಸಾಮೀ, ಕಣ್ಣು ಮ್ಯಾಲ ಹೊಂಟಾವ. ಮಜ್ಜಿಗಿ ಐತಿ, ಕುಡೀರಿ."

"ಏಕಾದಶಿ!" ಎಂದು ಗುಡುಗಿದೆ. ಗುಡುಗಬೇಕೆಂದಿದ್ದೆ, ಬಂದದ್ದು ಬರೀ ಗಾಳಿ.

"ಕುಡಿಯೋ, ನಾ ಯಾರಿಗೂ ಹೇಳೂದಿಲ್ಲ," ಎಂದರು ಭಾವ. ಹೇಳದೆ ಇರುವ ಬಾಯಿಯೇ ಅದು? ನನ್ನ ಪ್ರಾಣ ಹೋದರೂ ಸರಿ, ಆದವಾನಿಯ ಮಾನ ಹೋಗಬಾರದು! ಆ ಮಜ್ಜಿಗೆಯನ್ನೂ ಭಾವನೇ ಕುಡಿದರು.

ಇಳಿಯುವಾಗ ಚಪ್ಪಲಿ ಕಿತ್ತಿತು. ಭಾವನ ಹೆಗಲಿಗೆ ಜೋತುಬಿದ್ದು ಮನೆ ಸೇರಿದಾಗ ದೀಪ ಹಚ್ಚುವ ಹೊತ್ತು. ಆದರೂ ಹೊಸ್ತಿಲಲ್ಲಿ ಎದೆ ಸೆಟೆಸಿ ನಿಂತೆ.

"ಸುಶೀಲಾ, ಹನಿ ನೀರು ಮುಟ್ಟಿಲ್ಲ!"

"ಯಾಕ್ರಿ? ಏನಾಗೈತಿ ನಿಮಗ?"

"ಏಕಾದಶಿ ಅಲ್ಲೇನು?"

"ಅದು ಕ್ಯಾಲೆಂಡರಿನವರ ಏಕಾದಶಿ. ನಸುಕಿನ್ಯಾಗ ದಶಮಿ ಸೋಂಕಿದ ಏಕಾದಶಿ ನಮಗ ನಡ್ಯೂದಿಲ್ಲ. ಮಠದ ಪಂಚಾಂಗದಾಗ ಇವತ್ತು ದಶಮಿ, ಏಕಾದಶಿ ನಾಳೆ! ಹೋಳಿಗಿ ಮಾಡಿಟ್ಟು ಮಧ್ಯಾಹ್ನದಿಂದ ದಾರಿ ಕಾಯಾಕತ್ತೀನಿ."

ಒಂದು ಕೊಡ ನೀರು ಖಾಲಿ ಮಾಡಿ, "ಹಂಗಾದ್ರ ಬಡಸು!" ಎಂದೆ.

"ದಶಮಿ ದಿನ ನಮ್ಮನ್ಯಾಗ ರಾತ್ರಿ ಉಣ್ತಾರೇನ್ರಿ? ಒಂದ ಹೊತ್ತು. ಆ ಹೊತ್ತು ಮುಗೀತು."

ಇವತ್ತು ಇಲ್ಲ. ನಾಳೆ ಹೇಗೂ ಇಲ್ಲ. ಇನ್ನು ನಾಡಿದ್ದು ದ್ವಾದಶಿಗೇ ಊಟ! ಆ ಕ್ಯಾಲೆಂಡರ್ ಅಚ್ಚು ಹಾಕಿದವನಿಗೆ ನನ್ನ ಹೊಟ್ಟೆಯ ಶಾಪ ತಟ್ಟಲಿ!

ಒಳಗೆ, ದಶಮಿಯ ನೇಮವೂ ಇಲ್ಲದ ಭಾವ ನನ್ನ ಪಾಲಿನ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಹೇಳಿದರು. "ಒಂದು ಮಾತು ಒಪ್ಪಬೇಕು ರಾಘಣ್ಣಾ. ನಿಮ್ಮ ಗುಡ್ಡ ಹತ್ತಿ ಬಂದ್ರ ಹಸಿವಿ ಭಾಳ ಚಲೋ ಆಗ್ತೈತಿ!"

ಅಂತೂ ಆದವಾನಿ ಗುಡ್ಡ ಗೆದ್ದಿತು. ಸೋತದ್ದು ನಾನೊಬ್ಬನೇ.