ತಿರುಗಿ ನೋಡಿದ ಫೋಟೋ

ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಮನುಷ್ಯ ಸುಮ್ಮನೆ ಒಂದು ನಿದ್ದೆ ಹೊಡೆದರೆ ಯಾವ ತಾಪತ್ರಯವೂ ಇಲ್ಲ. ನಮ್ಮ ಕನ್ನಡಕದಂಗಡಿ ಯಜಮಾನ ಅವತ್ತು ಮಲಗಲಿಲ್ಲ, ಫೋನು ಒತ್ತುತ್ತ ಕೂತ. ಒತ್ತುತ್ತ ಒತ್ತುತ್ತ, ಐವತ್ತು ದಾಟಿದ ಸಂಸಾರಸ್ಥ ಕಾಲಿಡಬಾರದ ಜಾಗಕ್ಕೆ ಹೋಗಿಬಿಟ್ಟ. ಸಾಲಾಗಿ ಹೆಂಗಸರ ಫೋಟೋ, ಕೆಳಗೆ 'ಸಂಪರ್ಕಿಸಿ' ಅನ್ನುವ ಗುಂಡಿ. ಬರೀ ಕುತೂಹಲ ಅಂತ ತನಗೆ ತಾನೇ ಹೇಳಿಕೊಂಡ. ಕುತೂಹಲಕ್ಕೆ ಅಷ್ಟು ಸಲ ಬಾಗಿಲ ಕಡೆ ಯಾಕೆ ನೋಡಬೇಕಿತ್ತೋ, ಅವನನ್ನೇ ಕೇಳಬೇಕು.

ಒಂದು ಫೋಟೋ ಬಂದಾಗ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದ. ಅವಳೇ! ಕಾಲೇಜಿನ ಅವಳೇ! ಮೂರು ವರ್ಷ ಅವಳ ಹಿಂದಿನ ಬೆಂಚಿನಲ್ಲಿ ಕೂತು, ಮುಖಕ್ಕಿಂತ ಜಡೆಯನ್ನೇ ಹೆಚ್ಚು ಕಂಡಿದ್ದ. ಆ ಜಡೆ ನೋಡುತ್ತಲೇ ಅರ್ಥಶಾಸ್ತ್ರದಲ್ಲಿ ಫೇಲೂ ಆಗಿದ್ದ. ಒಂದೇ ಒಂದು ದಿನ ಅವಳು ತಿರುಗಿ, "ಪೆನ್ನಿಗೆ ಸ್ವಲ್ಪ ಇಂಕು ಕೊಡ್ತೀರಾ?" ಅಂದಿದ್ದಳು. ಗಡಿಬಿಡಿಯಲ್ಲಿ ಅವನು ಇಂಕನ್ನೆಲ್ಲ ತನ್ನ ಅಂಗಿಯ ಮೇಲೇ ಸುರಿದುಕೊಂಡಿದ್ದ. ಫೋಟೋದಲ್ಲೂ ಅವಳು ಹಾಗೇ ತಿರುಗಿ ನೋಡುತ್ತಿದ್ದಳು. ಮೂವತ್ತು ವರ್ಷದ ಹಿಂದಿನ ಫೋಟೋ ಯಾಕೆ ಹಾಕಿದ್ದಾಳೆ ಅನ್ನುವ ಪ್ರಶ್ನೆಯೇ ಅವನಿಗೆ ಹೊಳೆಯಲಿಲ್ಲ. ಅವನೂ ಅಂಗಡಿಯ ಬೋರ್ಡಿನ ಮೇಲೆ ತಲೆತುಂಬ ಕೂದಲಿದ್ದ ಕಾಲದ ಫೋಟೋವನ್ನೇ ಹಾಕಿಸಿದ್ದ.

"ಅಯ್ಯೋ ಪಾಪ, ಎಂಥ ಗತಿ ಬಂತು ಇವಳಿಗೆ" ಅಂತ ಮರುಗಿದ. ಹೇಗಾದರೂ ಕಾಪಾಡಬೇಕು ಅಂದುಕೊಂಡು ಗುಂಡಿ ಒತ್ತಿ, "ಹೇಗಿದ್ದೀರಿ?" ಅಂತ ಬರೆದ.

"ಏನು ಬೇಕು ಹೇಳಿ" ಅಂತ ಉತ್ತರ ಬಂತು.

"ಏನೂ ಬೇಡ. ಒಮ್ಮೆ ನೋಡಿದ್ರೆ ಸಾಕು."

"ಇದು ಮ್ಯೂಸಿಯಂ ಅಲ್ಲ. ಏನು ಬೇಕು, ಎಷ್ಟು ಕೊಡ್ತೀರಿ, ಬಿಡಿಸಿ ಬರೀರಿ."

ಬರೆಯದಿದ್ದರೆ ಬೇಜಾರು ಮಾಡಿಕೊಂಡಾಳು ಅಂತ ಬಿಡಿಸಿಯೇ ಬರೆದ. ಬರೆಯುತ್ತ ಬರೆಯುತ್ತ ಕಾಪಾಡುವ ವಿಷಯ ಸ್ವಲ್ಪ ಹಿಂದಕ್ಕೆ ಸರಿಯಿತು, ಸುಳ್ಳು ಯಾಕೆ ಹೇಳಲಿ. ಸಂಜೆ ಬಸ್ ನಿಲ್ದಾಣದ ಹಿಂದಿನ ಲಾಡ್ಜಿಗೆ ಬನ್ನಿ ಅಂತ ಬಂತು.

ಅಂಗಡಿಯ ಬಾಗಿಲು ಎಳೆಯುತ್ತಿದ್ದಂತೆ ಪಕ್ಕದ ಔಷಧಿ ಅಂಗಡಿಯವನು ಕತ್ತು ಹೊರಹಾಕಿದ. "ಏನ್ ಸಾರ್, ಇಷ್ಟು ಬೇಗ?"

"ಹಲ್ಲುನೋವು. ಡಾಕ್ಟರ್ ಹತ್ರ ಹೊರಟೆ."

"ಹಲ್ಲಿನ ಡಾಕ್ಟರ್ ಹತ್ರ ಸೆಂಟು ಹೊಡ್ಕೊಂಡು ಹೋಗ್ತೀರಾ? ಇರ್ಲಿ, ಈ ಮಾತ್ರೆ ನುಂಗಿ ಹೋಗಿ."

ಇಲ್ಲದ ನೋವಿಗೆ ಅವನ ಕಣ್ಣೆದುರೇ ಮಾತ್ರೆ ನುಂಗಬೇಕಾಯಿತು. ಅಷ್ಟಕ್ಕೇ ಬಿಡುವ ಪೈಕಿಯೇ ಅವನು? ಮನೆಗೂ ಫೋನು ಮಾಡಿ ಊದಿದ. ಲಾಡ್ಜಿನ ಮೆಟ್ಟಿಲ ಹತ್ತಿರ ಬರುವಷ್ಟರಲ್ಲಿ ಹೆಂಡತಿಯ ಫೋನು.

"ಹಲ್ಲುನೋವಂತೆ, ನನಗ್ಯಾಕೆ ಹೇಳ್ಲಿಲ್ಲ? ಎಲ್ಲಿದ್ದೀರಿ? ನಾನೂ ಬರ್ತೀನಿ."

"ಬೇಡ ಕಣೇ. ಬಾಯಿ ತೆಗೆಸಿಟ್ಟಿದ್ದಾರೆ, ಮಾತಾಡೋಕಾಗಲ್ಲ" ಅಂತ ಸ್ಪಷ್ಟವಾಗಿ ಹೇಳಿ ಇಟ್ಟ. ಇವಳಿಗೆ ಗೊತ್ತಾದರೆ ತನ್ನ ಕತೆ ಮುಗಿಯಿತು ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕಾಲು ಮೆಟ್ಟಿಲು ಹತ್ತಿದವು.

ಬಾಗಿಲು ತೆರೆದವಳ ಕೂದಲು ಅರ್ಧ ನರೆತಿತ್ತು. ಕಣ್ಣು ಮಾತ್ರ ಅವೇ. ಅವನು ಬಾಯಿ ತೆರೆಯುವ ಮೊದಲೇ ಗುರುತಿನ ಚೀಟಿ ಹಿಡಿದಳು. "ಪೊಲೀಸ್. ಒಳಗೆ ಬನ್ನಿ."

"ಮೇಡಂ... ನಾನು... ಅರ್ಥಶಾಸ್ತ್ರ... ನಿಮ್ಮ ಹಿಂದಿನ ಬೆಂಚು..."

ಇನ್‌ಸ್ಪೆಕ್ಟರಮ್ಮ ಹಣೆ ಹಣೆ ಚಚ್ಚಿಕೊಂಡಳು. "ನೀವೂನಾ? ಬೇರೆ ಹೆಂಗಸರ ಫೋಟೋ ಹಾಕೋದು ಬೇಡ ಅಂತ ನನ್ನದೇ ಹಳೇದೊಂದು ಹಾಕಿದೆ. ಯಾರು ಗುರುತು ಹಿಡೀತಾರೆ ಅಂದ್ಕೊಂಡೆ. ಬೆಳಗಿಂದ ಸಿಕ್ಕಿಬಿದ್ದೋರೆಲ್ಲ ನಮ್ಮ ಕ್ಲಾಸಿನವ್ರೇ!"

ಒಳಕೋಣೆಯ ಬಾಗಿಲು ತಳ್ಳಿದಳು. ಮಂಚದ ಮೇಲೆ, ಕಿಟಕಿಯ ಕಟ್ಟೆಯ ಮೇಲೆ ಬೋಳುತಲೆಗಳು ಸಾಲಾಗಿ ಕೂತಿದ್ದವು.

"ಲೋ, ಇಂಕುಬುಡ್ಡಿ!" ಅಂತ ಒಬ್ಬ ಕೂಗಿದ.

ಆ ಹೆಸರಿನಿಂದ ಅವನನ್ನು ಯಾರೂ ಕರೆಯದೆ ಎಷ್ಟು ವರ್ಷವಾಗಿತ್ತೋ! ಸಂಕಟದಲ್ಲೂ ಅವನಿಗೆ ಕಣ್ಣು ತುಂಬಿ ಬಂತು. ಕ್ಯಾಂಟೀನಿನ ಮುರುಕು ಬೆಂಚು, ಕೊನೆಯ ಪಿರಿಯಡ್ಡಿನಲ್ಲಿ ತಾವೇ ನಿದ್ದೆ ಹೋಗುತ್ತಿದ್ದ ಮೇಷ್ಟ್ರು, ಗೇಟಿನ ಹತ್ತಿರ ಸುಮ್ಮಸುಮ್ಮನೆ ಸೈಕಲ್ ಚೈನು ಹಾಕುತ್ತ ಅವಳಿಗಾಗಿ ಕಾದದ್ದು, ಒಂದೊಂದೇ ಹೊರಬಂದವು. ಬಂದವರೆಲ್ಲ ಅವಳನ್ನು ಕಾಪಾಡುವುದಕ್ಕೇ ಬಂದವರಂತೆ.

ಅವಳೂ ಬಾಗಿಲಿಗೊರಗಿ ನಕ್ಕಳು. "ಈಗ ಇಷ್ಟು ಬಿಡಿಸಿ ಬಿಡಿಸಿ ಬರೆದೋರು, ಆವಾಗ ಒಬ್ಬರಾದ್ರೂ ಬಾಯಿ ಬಿಟ್ಟು ಮಾತಾಡಿದ್ರಾ?" ಮೇಜಿನ ಮೇಲಿನ ಪುಸ್ತಕ ತೆರೆದು ಪೆನ್ನು ಹಿಡಿದಳು. "ಆಯ್ತು, ಕೇಸು ಕೇಸೇ. ಮನೆಯವರು ಬಂದು ಸಹಿ ಹಾಕಿದ್ರೆ ಬಿಡ್ತೀನಿ. ನಂಬರ್ ಹೇಳಿ."

ಆಗಲೇ ಅವನು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದವನನ್ನು ಕಂಡದ್ದು. ಅದೇ ಬೆಂಚಿನ ಗೆಳೆಯ, ಆಮೇಲೆ ತಂಗಿಯನ್ನು ಇವನಿಗೇ ಕೊಟ್ಟ ಭಾವ! ಆ ಪುಣ್ಯಾತ್ಮ ಯಾಕೆ ಮದುವೆಯೇ ಆಗಲಿಲ್ಲ ಅನ್ನುವುದು ಮನೆಮಂದಿಗೆಲ್ಲ ಒಗಟಾಗಿತ್ತು. ಒಗಟು ಈಗ ಒಡೆಯಿತು. ಮನೆಯವರು ಅಂತ ಅವನಿಗಿದ್ದವಳು ತಂಗಿಯೊಬ್ಬಳೇ.

ಇಬ್ಬರೂ ಹೇಳಿದ್ದು ಒಂದೇ ನಂಬರು. ಇನ್‌ಸ್ಪೆಕ್ಟರಮ್ಮ ಅದನ್ನು ಒತ್ತಿ, ಸ್ಪೀಕರಿಗೆ ಹಾಕಿ, ಫೋನನ್ನು ಇಬ್ಬರ ನಡುವೆ ಇಟ್ಟಳು.

"ನೀನೇ ಮಾತಾಡೋ, ನಿನ್ನ ತಂಗಿ" ಅಂತ ಇವನು ಪಿಸುಗುಟ್ಟಿದ.

"ನೀನೇ ಮಾತಾಡೋ, ನಿನ್ನ ಹೆಂಡ್ತಿ" ಅಂತ ಅವನು ತಳ್ಳಿದ.

ಅಷ್ಟರಲ್ಲಿ ಆ ಕಡೆಯಿಂದ "ಹಲೋ, ಯಾರು?" ಅಂತ ದನಿ ಬಂತು. ಕ್ಲಾಸಿಗೆ ಪ್ರಿನ್ಸಿಪಾಲರು ಬಂದಂತೆ ಕೋಣೆಗೆ ಕೋಣೆಯೇ ಎದ್ದು ನಿಂತಿತು.