ನಡುವೆ ಬಾಯಿ ಹಾಕುವ ಕಾರ್ಡು

ಕೈಪಿಡಿಯಲ್ಲಿ ‘ಬಹಳ ಸುಲಭ’ ಎಂದು ಬರೆದಿದ್ದರೆ ಆ ವಾರ ಬೇಗ ಮನೆಗೆ ಹೋಗುವ ಆಸೆ ಬಿಡಬೇಕು. ತೊಂಬತ್ತರ ದಶಕದಲ್ಲಿ ಗೋವಾದ ಉಸಗಾಂವದ ಹತ್ತಿರ ಒಂದು ಅದಿರು ಗಣಿಯಲ್ಲಿ ಎಂಜಿನಿಯರ್ ಆಗಿದ್ದಾಗ ನನಗೆ ಇದು ತಪ್ಪದೆ ಆಗುತ್ತಿತ್ತು. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ನನಗೆ ಕೊಟ್ಟ ಪರೀಕ್ಷೆ ಇಷ್ಟು: ಅದಿರು ಸಾಗಿಸುವ ಬೆಲ್ಟ್ ನಿಂತ ಕೂಡಲೇ ಕಂಪ್ಯೂಟರಿನ ಪರದೆ ಕೆಂಪಾಗಬೇಕು. ಕೆಂಪಾದರೆ ನಾನು ಕಾಯಂ, ಇಲ್ಲವಾದರೆ ವಾಪಸು ಊರಿಗೆ, ಧಾರವಾಡದ ಬಸ್ಸು.

೧. ಪೂಜಾರಿ

ಇದಕ್ಕಾಗಿ ಕಂಪ್ಯೂಟರಿಗೆ ಸಿಕ್ಕಿಸುವ ಎಲೆಕ್ಟ್ರಾನಿಕ್ ಕಾರ್ಡು ಬಂತು. ಬೆಲ್ಟ್ ನಿಂತರೆ ಅದು ಇಂಟರಪ್ಟ್ ಕಳಿಸುತ್ತದೆ, ಅಂದರೆ ಕಂಪ್ಯೂಟರಿನ ಕೆಲಸದ ನಡುವೆಯೇ ಬಾಯಿ ಹಾಕುತ್ತದೆ. ಆ ಕರೆಯನ್ನು ಹಿಡಿಯಲು ಕಂಪ್ಯೂಟರಿನ ಒಳತಿರುಳಾದ ಕರ್ನಲ್ ಎಂಬ ಗರ್ಭಗುಡಿಗೆ ನಾವು ಹೋಗಬೇಕಿಲ್ಲ, ಬಹಳ ಸುಲಭ ಎಂದಿತ್ತು ಕೈಪಿಡಿ. ಕಾರ್ಡಿನ ಜೊತೆ ಬಂದ ತಂತ್ರಾಂಶವೇ ಪೂಜಾರಿ. ಹೊರಗೆ ನಿಂತು ನಮ್ಮ ಫಂಕ್ಷನ್ನಿನ, ಅಂದರೆ ನಾವು ಬರೆದ ಪುಟ್ಟ ಪ್ರೋಗ್ರಾಮಿನ, ಹೆಸರು ಹೇಳಿದರೆ ಸಾಕು, ಕರೆ ಬಂದಾಗ ಅದನ್ನು ಎಬ್ಬಿಸುತ್ತಾನೆ. ಬಿಜಾಪುರದ ಕಡೆಯ ಹಿರಿಯ ಬೆಲ್ಟ್ ಆಪರೇಟರಿಗೆ ಇಷ್ಟನ್ನೂ ವಿವರಿಸಿದೆ.

"ಪೂಜಾರಿ ರಜಾ ಹಾಕಿದ್ರ ಏನ್ ಮಾಡೂದ್ರಿ?" ಎಂದರು.

ಕೈಪಿಡಿಯಲ್ಲಿ ಆ ಅಧ್ಯಾಯ ಇರಲಿಲ್ಲ.

೨. ನಲವತ್ತು ಸಲ

ಆಪರೇಟರು ಬೆಲ್ಟಿನ ಪಕ್ಕದ ತುರ್ತು ಹಗ್ಗ ಎಳೆದು ಬೆಲ್ಟನ್ನು ಒಮ್ಮೆ ನಿಲ್ಲಿಸಿದರು. ನಲವತ್ತು ಸಲ ನಿಂತಿತು ಎಂದು ಕಂಪ್ಯೂಟರು ಬರೆದುಕೊಂಡಿತು. ಬೆಲ್ಟ್ ನಿಂತದ್ದನ್ನು ತಿಳಿಸುವ ಸ್ವಿಚ್ಚಿನ ಲೋಹದ ಪಟ್ಟಿ ಸರಿಯಾಗಿ ಕೂರುವ ಮುನ್ನ ಅದುರುತ್ತದೆ. ಅದು ಅದುರಿದಾಗಲೆಲ್ಲ ಕಾರ್ಡು ಒಂದು ಕರೆ ಕೊಟ್ಟಿತ್ತು. ಮೊದಲ ಕರೆ ಕೇಳಿದ ಮೇಲೆ ಅರೆ ಸೆಕೆಂಡಿನವರೆಗೆ ಉಳಿದ ಕರೆಗಳನ್ನು ಕಿವಿಗೆ ಹಾಕಿಕೊಳ್ಳಬೇಡ ಎಂದು ಫಂಕ್ಷನ್ನಿಗೆ ಎರಡು ಸಾಲು ಸೇರಿಸಿದೆ.

ಆಪರೇಟರು ಮೆಚ್ಚಿದರು. "ಚಲೋ ಆತ್ರಿ. ನಾನೂ ಮನ್ಯಾಗ ಮೂವತ್ತ್ ವರ್ಷದಿಂದ ಹಿಂಗ ಮಾಡಾಕತ್ತೇನಿ."

೩. ದೊಡ್ಡವರ ಮಾತು

ಕಾಯಂ ಪತ್ರಕ್ಕೆ ಸಹಿ ಹಾಕಬೇಕಾದ ದೊಡ್ಡ ಸಾಹೇಬರು, ಬೆಳಗಾವಿ ಕಡೆಯವರು, ಪಣಜಿಯ ಮುಖ್ಯ ಕಚೇರಿಯಿಂದ ಪರೀಕ್ಷೆ ನೋಡಲು ಬಂದರು. ಬಿಳಿ ಕಾರನ್ನು ಬೆಲ್ಟಿನ ನೆರಳಿಗೆ ನಿಲ್ಲಿಸಿದರು. ಕಂಪ್ಯೂಟರಿನ ಕೋಣೆಗೆ ಬಂದು ಪರದೆಗೆ ಬೆನ್ನು ಹಾಕಿ ನಿಂತು, ಕಾರ್ಡು ಎಂಥವರನ್ನೂ ತಡೆದು ವಿಷಯ ಮುಟ್ಟಿಸುತ್ತದೆ ಎಂದು ನನಗೇ ಪಾಠ ಶುರುಮಾಡಿದರು. ಅಷ್ಟರಲ್ಲಿ ಹಸಿ ಅದಿರು ಕಟ್ಟಿಕೊಂಡು ಬೆಲ್ಟ್ ನಿಜಕ್ಕೂ ನಿಂತಿತು. ಅವರ ಬೆನ್ನ ಹಿಂದೆ ಪರದೆ ತಕ್ಷಣ ಕೆಂಪಾಯಿತು. ಆಪರೇಟರು ಓಡಿ ಬಂದು ಬಾಗಿಲಲ್ಲಿ ಕೈಕಟ್ಟಿ ನಿಂತರು. ಪಾಠ ಹತ್ತು ನಿಮಿಷ ನಡೆಯಿತು.

ಮುಗಿದ ಮೇಲೆ ಆಪರೇಟರು ವಿನಯದಿಂದ ತಿಳಿಸಿದರು: ನಿಂತ ಬೆಲ್ಟಿಗೆ ಮೇಲಿನ ಬೆಲ್ಟ್ ಇನ್ನೂ ಅದಿರು ಸುರಿಯುತ್ತಿದೆ, ಅದನ್ನು ನಿಲ್ಲಿಸಲು ಸಾಹೇಬರ ಅಪ್ಪಣೆ ಬೇಕು, ಕೆಳಗೆ ಚೆಲ್ಲಿದ ಅದಿರಿನಲ್ಲಿ ಸಾಹೇಬರ ಕಾರು ಕಿಟಕಿಯವರೆಗೆ ಹೂತಿದೆ. ಮೊದಲೇ ಯಾಕೆ ಹೇಳಲಿಲ್ಲ ಎಂದು ಸಾಹೇಬರು ಕೇಳಿದರು.

"ದೊಡ್ಡವರು ಮಾತಾಡಾಕತ್ತಿದ್ರಲ್ರಿ. ನಡುವ ಬಾಯಿ ಹಾಕೂದು ಸರಿ ಅಲ್ರಿ."

ಸಾಹೇಬರು ನನ್ನತ್ತ ತಿರುಗಿದರು. "ನೀವು ಪರದೆ ನೋಡಾಕತ್ತಿದ್ರಲ್ಲ?"

"ಹೌದ್ರಿ ಸರ್. ಆದ್ರ ನಾನಿನ್ನೂ ಕಾಯಂ ಆಗಿಲ್ರಿ."

ಅವರು ಮೇಲಿನ ಬೆಲ್ಟ್ ನಿಲ್ಲಿಸಲು ಅಪ್ಪಣೆ ಕೊಟ್ಟು, ನನ್ನ ಕಾಯಂ ಪತ್ರ ತೆಗೆದು ಅಲ್ಲೇ ಸಹಿ ಹಾಕಿದರು. ಆಮೇಲೆ, ಕಾಯಂ ಆಯಿತು, ಈಗಲಾದರೂ ಬಾಯಿಬಿಟ್ಟು ಹೇಳಬಹುದಲ್ಲ, ಸಲಿಕೆ ಎಲ್ಲಿದೆ ಎಂದರು.